ಎಲ್ಲರ ನಲವತ್ತನೆಯ ದಿನ

ನೈಫೆಗೆ ಆ ಶಿಬಿರದಲ್ಲಿ ಎರಡು ಹೆಸರಿದ್ದವು. ಎದುರಿಗೆ ನೈಫೆ ಖಾಲಾ, ಅಂದರೆ ಚಿಕ್ಕಮ್ಮ; ಬೆನ್ನ ಹಿಂದೆ ತಣ್ಣೀರು. ಎರಡನೆಯದು ಅವಳಿಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದರು. ಗೋಡೆಗಳೆಲ್ಲ ಬಟ್ಟೆಯವೇ ಆಗಿರುವ ಊರಿನಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಒಬ್ಬರು ಕೆಮ್ಮಿದರೆ ಆರನೆಯ ಡೇರೆಯವರಿಗೆ ಕೇಳಿಸುತ್ತಿತ್ತು. ಅಂಥಲ್ಲಿ "ಬಂದು ಹೋಯ್ತೇನೆ ತಣ್ಣೀರು?" ಎಂದು ಹೆಂಗಸರು ಕೇಳಿಕೊಳ್ಳುವುದು ಅವಳ ಕಿವಿಗೆ ಬೀಳದೆ ಇರುತ್ತದೆಯೇ? ಬೀಳುತ್ತಿತ್ತು. ಅವಳು ತಿರುಗಿ ನೋಡದೆ ಮುಂದಿನ ಡೇರೆಗೆ ಹೋಗುತ್ತಿದ್ದಳು.

ಭೂಕಂಪವಾದ ಮೇಲೆ ಊರಿನ ಫುಟ್‌ಬಾಲ್ ಮೈದಾನದಲ್ಲಿ ನೂರ ನಲವತ್ತು ಬಿಳಿ ಡೇರೆಗಳು ಎದ್ದಿದ್ದವು. ಸಮಂದಾಗ್ ತುರ್ಕಿಯ ಕಡಲತಡಿಯ ಊರು. ಹಿಮ ಬೀಳುವುದಿಲ್ಲ, ಆದರೆ ಚಳಿಗಾಲದ ತೇವ ಎಲುಬಿಗೇ ಇಳಿಯುತ್ತದೆ. ಹಾಗಾಗಿ ಡೇರೆಗೊಂದು ತಗಡಿನ ಒಲೆ, ಒಲೆಗೊಂದು ಹೊಗೆಕೊಳವೆ, ಕೊಳವೆ ಹೊರಗೆ ಹೋಗಲು ಬಟ್ಟೆಯಲ್ಲೊಂದು ತೂತು. ಆ ತೂತುಗಳ ಮೇಲೆ ಕಣ್ಣಿಡುವುದೇ ನೈಫೆಯ ಕೆಲಸ. ದಿನಕ್ಕೆ ಮೂರು ಸುತ್ತು, ಕೊರಳಲ್ಲಿ ಸೀಟಿ, ಕೈಯಲ್ಲಿ ನೀರಿನ ಬಕೆಟ್ಟು.

"ಖಾಲಾ, ಕೊಳವೆ ಬಟ್ಟೆಗೆ ತಾಗ್ತಾ ಇಲ್ಲ ನೋಡಿ. ಒಂದು ಬೆರಳು ಜಾಗ ಇದೆ."

"ಒಂದು ಬೆರಳು ಸಾಲ್ದು. ಒಂದು ಗೇಣು ಬೇಕು. ಒಲೆ ಆರ್ಸು, ಕೊಳವೆ ತಿರುಗ್ಸು, ಆಮೇಲೆ ಹಚ್ಕೋ."

"ಮಗೂಗೆ ಜ್ವರ ಖಾಲಾ."

"ಅದಕ್ಕೇ ಹೇಳ್ತಿರೋದು."

ಇದು ಅವಳ ಮಾತಿನ ಧಾಟಿ. ಸಕ್ಕರೆ ಬೆರೆಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಜಗಳ ಹಿಂಡಿಯದು. ಆ ಸೀಮೆಯವರು ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಆಲಿವ್ ಹಿಂಡಿಯನ್ನೇ ಒಣಗಿಸಿ ಚಳಿಗಾಲವಿಡೀ ಉರಿಸುವವರು. ಅಜ್ಜನ ಕಾಲದಿಂದ ನಡೆದು ಬಂದದ್ದು. ಕಲ್ಲಿನ ಮನೆಯಲ್ಲಿ, ದಪ್ಪ ಕಬ್ಬಿಣದ ಒಲೆಯಲ್ಲಿ ಅದು ಸಾಧು ಉರಿ. ಈ ಕಾಗದದಂಥ ತಗಡಿನ ಒಲೆಗೆ ಎರಡು ಹಿಡಿ ಹಾಕಿದರೆ ಸಾಕು, ಕೊಳವೆ ಕೆಂಪಗೆ ಕಾಯುತ್ತದೆ. ಎರಡನೆಯ ವಾರ ಮುದುಕಿ ಹಬೀಬೆಯ ಡೇರೆ ಹೀಗೇ ಹೊತ್ತಿಕೊಂಡಿತ್ತು. ಪಕ್ಕದ ಡೇರೆಯವನು ಬೂಟು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ನೆಲದ ಮೇಲೆ ಕಂಬಗಳು ಮಾತ್ರ ಉಳಿದಿದ್ದವು. ಭೂಕಂಪದಲ್ಲಿ ಮೂರು ದಿನ ಕಲ್ಲಿನಡಿಯಲ್ಲಿ ಬದುಕಿದ್ದ ಹಬೀಬೆ ಒಂದು ನಿಮಿಷದ ಬೆಂಕಿಗೆ ಉಳಿಯಲಿಲ್ಲ. ಅದಾದ ಮರುದಿನವೇ ಶಿಬಿರದ ಅಧಿಕಾರಿ ನೈಫೆಯ ಕೊರಳಿಗೆ ಸೀಟಿ ಹಾಕಿದ್ದು.

ಅವಳಿಗೇ ಯಾಕೆಂದರೆ, ಹೊಗೆ ನೋಡುವುದರಲ್ಲಿ ಅವಳಿಗಿಂತ ಬಲ್ಲವರು ಅಲ್ಲಿ ಸುತ್ತಮುತ್ತ ಇರಲಿಲ್ಲ. ಇಪ್ಪತ್ತೆರಡು ಬೇಸಿಗೆಗಳನ್ನು ಅವಳೂ ಅವಳ ಗಂಡ ಎದಿಪನೂ ಬೆಟ್ಟದ ತುದಿಯ ಅರಣ್ಯ ಇಲಾಖೆಯ ಗೋಪುರದಲ್ಲಿ ಕಳೆದಿದ್ದರು. ಕಾಡಿನಲ್ಲಿ ಎಲ್ಲಿ ಹೊಗೆ ಎದ್ದರೂ ಕೆಳಗೆ ಸುದ್ದಿ ಮುಟ್ಟಿಸುವುದು ಕೆಲಸ. ಕಾಗದದಲ್ಲಿ ಹೆಸರು ಎದಿಪನದು. ಕಣ್ಣು ಮಾತ್ರ ನೈಫೆಯದು. ಅವನು ಚಹಾ ಕಾಯಿಸುತ್ತಿದ್ದ, ರೇಡಿಯೋದಲ್ಲಿ ಪಕ್ಕದ ಬೆಟ್ಟದ ಗೋಪುರದವನೊಂದಿಗೆ ಹರಟುತ್ತಿದ್ದ, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. "ಎದಿಪ್, ಪೂರ್ವಕ್ಕೆ ಹೊಗೆ" ಎಂದು ಅವಳು ಅಂದರೆ, ಕಣ್ಣು ಬಿಡದೆಯೇ "ಬಿಳೀದಾ ಕರೀದಾ?" ಎಂದು ಕೇಳುತ್ತಿದ್ದ. ಮಕ್ಕಳಾಗಲಿಲ್ಲ. ಬೆಟ್ಟದ ಮೇಲೆ ಇಬ್ಬರೇ ಇದ್ದಾಗ ಒಂಟಿತನ ಅಂದರೆ ಏನೆಂದು ಅವಳಿಗೆ ತಿಳಿದಿರಲಿಲ್ಲ. ಆರುನೂರು ಜನರ ನಡುವೆ ಬಂದು ಕುಳಿತ ಮೇಲೆ ತಿಳಿಯಿತು.

ಭೂಕಂಪದ ಆ ಬೆಳಗಿನ ಜಾವ ಇಬ್ಬರೂ ಒಂದೇ ಹಾಸಿಗೆಯಲ್ಲಿದ್ದರು. ಗೋಡೆ ಅವನ ಕಡೆಗೆ ಬಿತ್ತು. ಅಷ್ಟೇ ಹೇಳುತ್ತಿದ್ದಳು ನೈಫೆ, ಯಾರು ಕೇಳಿದರೂ.

ಈಗ ಅವಳಿಗೆ ಹನ್ನೆರಡನೆಯ ಸಾಲಿನ ಕೊನೆಯಲ್ಲಿ ಒಂದು ಡೇರೆ. ಸಂಜೆ ಹೊತ್ತು ಹೆಂಗಸರು ಯಾರದಾದರೂ ಒಲೆಯ ಸುತ್ತ ಕಾಫಿಗೆ ಸೇರುತ್ತಿದ್ದರು. ನಗುವೂ ಕೇಳಿಸುತ್ತಿತ್ತು, ಅಳುವೂ ಕೇಳಿಸುತ್ತಿತ್ತು. ಅವಳು ಬಾಗಿಲ ಪರದೆ ಸರಿಸಿದರೆ ಎಲ್ಲರ ಬಾಯಿಗೂ ಬೀಗ. ಯಾರೋ ಒಬ್ಬಳು ಕಾಲಿನಿಂದ ಹಿಂಡಿಯ ಚೀಲವನ್ನು ಹಾಸಿಗೆಯಡಿಗೆ ತಳ್ಳುವಳು. ಎಲ್ಲರ ಉರಿಯನ್ನೂ ಕೆಡಿಸುತ್ತ ತಿರುಗುವವಳನ್ನು ಯಾರು ತಮ್ಮ ಉರಿಯ ಪಕ್ಕ ಕೂರಿಸಿಕೊಳ್ಳುತ್ತಾರೆ? ಅವಳು ಕೊಳವೆ ನೋಡಿ, ತಲೆಯಾಡಿಸಿ, ಪರದೆ ಬಿಟ್ಟು ಹೊರಟುಬಿಡುತ್ತಿದ್ದಳು.

ಮಾರ್ಚ್ ಎರಡನೆಯ ವಾರ ಊರಿನ ಧರ್ಮಗುರು, ಮುದಿ ಶೇಖರು, ಕೋಲೂರಿಕೊಂಡು ಡೇರೆಯಿಂದ ಡೇರೆಗೆ ಬಂದರು.

"ಬರೋ ಶುಕ್ರವಾರ ನಲವತ್ತು" ಎಂದರು.

"ಯಾರ್ದು ಶೇಖರೇ?" ಎಂದು ಕೇಳಿದ ಹೆಂಗಸೊಬ್ಬಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಯಾರದೆಂದು ಏನು ಕೇಳುವುದು? ಎಲ್ಲರದೂ. ಒಂದೂವರೆ ನಿಮಿಷದಲ್ಲಿ ಸತ್ತವರಿಗೆಲ್ಲ ನಲವತ್ತನೆಯ ದಿನವೂ ಒಂದೇ.

ಆ ಜನರಲ್ಲಿ ನಲವತ್ತನೆಯ ದಿನ ಸತ್ತವರ ಹೆಸರಿನಲ್ಲಿ ಹ್ರಿಸಿ ಬೇಯಿಸಬೇಕು. ಗೋಧಿ ಮತ್ತು ಮಾಂಸ, ದೊಡ್ಡ ತಾಮ್ರದ ಹಂಡೆ, ಕೆಳಗೆ ಸೌದೆಯ ಉರಿ. ಏಳೆಂಟು ಗಂಟೆ ಉರಿ ಆರುವಂತಿಲ್ಲ, ಮರದ ಸೌಟು ನಿಲ್ಲುವಂತಿಲ್ಲ. ಯಾವುದು ಕಾಳು, ಯಾವುದು ಮಾಂಸ ಎಂದು ಗೊತ್ತಾಗದಷ್ಟು ಎರಡೂ ಒಂದಾಗಬೇಕು. ಹೊತ್ತು ಮುಳುಗುವುದರೊಳಗೆ ಬೇಯಿಸಿ ಏಳು ಬಾಗಿಲಿಗೆ ಒಂದೊಂದು ಬಟ್ಟಲು ಕೊಡಬೇಕು. ಆಗಲೇ ಸತ್ತವರನ್ನು ಕಳಿಸಿಕೊಟ್ಟಂತೆ. ಒಳ್ಳೆಯ ಕಾಲದಲ್ಲಾದರೆ ಊರಲ್ಲಿ ಒಂದು ಸಲಕ್ಕೆ ಒಂದು ಮನೆಯ ನಲವತ್ತು. ನೆರೆಹೊರೆಯವರೆಲ್ಲ ಬಂದು ಸೌಟು ಹಿಡಿಯುತ್ತಿದ್ದರು, ಸತ್ತವರ ಮನೆಯವರು ಸುಮ್ಮನೆ ಕುಳಿತು ಅಳಬಹುದಿತ್ತು. ಈಗ ಎಲ್ಲರ ಮನೆಯಲ್ಲೂ ಸಾವು, ನೆರೆಹೊರೆ ಅಂತ ಯಾರು ಉಳಿದರು? ತಮ್ಮ ತಮ್ಮ ಹಂಡೆ ತಮತಮಗೆ.

ಐವತ್ತಮೂರು ಮನೆಯವರು ಹಂಡೆ ಇಡುತ್ತೇವೆಂದರು. ಡೇರೆಯ ಬಾಗಿಲಲ್ಲೇ ಇಡುತ್ತೇವೆಂದರು, ಸತ್ತವರ ಬಾಗಿಲಲ್ಲೇ ಉರಿ ಇರಬೇಕಲ್ಲವೇ. ಡೇರೆ ಡೇರೆಗೂ ನಡುವೆ ಎರಡು ಮಾರು ಜಾಗ, ಅಲ್ಲಿ ಐವತ್ತಮೂರು ಸೌದೆಯ ಉರಿ. ಸುದ್ದಿ ಕೇಳಿದ ನೈಫೆ ನೇರ ಶಿಬಿರದ ಕಚೇರಿಗೆ ನಡೆದಳು.

ಅಧಿಕಾರಿ ತೈಫೂನ್ ದೂರದ ಊರಿನಿಂದ ಬಂದ ಹುಡುಗ. ಮೂವತ್ತು ದಾಟಿರಲಿಲ್ಲ, ಕಣ್ಣಿನ ಕೆಳಗೆ ಮಾತ್ರ ಐವತ್ತರ ಚೀಲಗಳು. ನೈಫೆಯನ್ನು ಅಬ್ಲಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ. "ಎಲ್ಲಾ ನಿಷೇಧ, ಅಬ್ಲಾ. ಒಂದು ನೋಟಿಸ್ ಹಚ್ಚಿಬಿಡ್ತೀನಿ" ಎಂದ.

"ಹಚ್ಚಿ ಹಚ್ಚಿ. ಹೊರಗೆ ಬೇಡ ಅಂದ್ರೆ ಪರದೆ ಎಳ್ಕೊಂಡು ಒಳಗೇ ಬೇಯಿಸ್ತಾರೆ. ಸಣ್ಣ ಪಾತ್ರೇಲಿ, ತಗಡಿನ ಒಲೆ ಮೇಲೆ, ಹಿಂಡಿ ಸುರ್ಕೊಂಡು ಎಂಟು ಗಂಟೆ. ಆಮೇಲೆ ನಿಮ್ ನೋಟಿಸು ಒಂದೇ ಉಳಿಯೋದು ಇಲ್ಲಿ."

"ಮತ್ತೇನು ಮಾಡೋಣ?"

"ನಂಗೆ ಮೂರು ದಿನ ಕೊಡಿ."

ಮೈದಾನಕ್ಕೂ ಕಡಲಿಗೂ ನಡುವೆ ಬತ್ತಿದ ತೊರೆಯ ಪಾತ್ರವೊಂದಿತ್ತು. ಬರೀ ಉರುಟು ಕಲ್ಲು, ಒಂದು ಕಡ್ಡಿ ಹುಲ್ಲಿಲ್ಲ. ಮೂರು ಬೆಳಿಗ್ಗೆಯೂ ನೈಫೆ ಅಲ್ಲಿಗೆ ಹೋಗಿ ಹಸಿ ಹುಲ್ಲಿನ ಸಣ್ಣ ಹೊಗೆ ಹಾಕಿ ಕುಳಿತಳು. ಮೂರು ದಿನವೂ ಬೆಟ್ಟದಿಂದ ಇಳಿದ ಗಾಳಿ ಹೊಗೆಯನ್ನು ಮೆತ್ತಗೆ ಕಡಲಿನ ಕಡೆಗೇ ಒಯ್ದಿತು. ಡೇರೆಗಳು ಗಾಳಿ ಬರುವ ಕಡೆಗೆ, ಹೊಗೆಯ ಹಿಂದೆ ಉಳಿದವು. ಕಿಡಿ ಹಾರಿದರೂ ನೀರಿಗೆ ಬೀಳಬೇಕು. ಸರಿ, ಇದೇ ಜಾಗ ಎಂದು ನಿಶ್ಚಯಿಸಿದಳು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಮೀನುಗಾರರು ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದರು. ಅವರನ್ನು ಒಂದು ಮಾತು ಕೇಳಬಹುದಿತ್ತು. ಗಾಳಿಯ ವಿಷಯವನ್ನು ಇನ್ನೊಬ್ಬರ ಹತ್ತಿರ ಕೇಳುವುದೇ? ಇಪ್ಪತ್ತೆರಡು ವರ್ಷ ಬೆಟ್ಟದ ಗಾಳಿ ಓದಿದವಳಿಗೆ ಅಷ್ಟು ಜಂಬ ಇರದೆ ಇರುತ್ತದೆಯೇ?

ಹೆಂಗಸರನ್ನು ಒಪ್ಪಿಸುವುದೆಂದರೆ ಸೆಲ್ವಾಳನ್ನು ಒಪ್ಪಿಸುವುದು. ಸೆಲ್ವಾಗೆ ಅರವತ್ತು. ಮಗ ನಿಝಾರನನ್ನು ಕಳೆದುಕೊಂಡಿದ್ದಳು, ಸೊಸೆ ಹಯಾತಳೊಂದಿಗೆ ಒಂದೇ ಡೇರೆಯಲ್ಲಿದ್ದಳು. ಶಿಬಿರದ ಅರ್ಧ ಜನ ಅವಳ ಮಾತಿಗೆ ಕಾಯುತ್ತಿದ್ದರು. 'ತಣ್ಣೀರು' ಎಂಬ ಹೆಸರಿಟ್ಟವಳೂ ಅವಳೇ.

"ಏನಮ್ಮಾ, ಸತ್ತೋರ್ನೂ ಈಗ ಕ್ಯೂನಲ್ಲಿ ನಿಲ್ಲಿಸ್ತೀಯಾ?" ಎಂದಳು ಸೆಲ್ವಾ, ಡೇರೆಯ ಬಾಗಿಲಲ್ಲಿ ಗೋಧಿ ಆರಿಸುತ್ತ. ಸುತ್ತ ಕುಳಿತಿದ್ದವರು ಕಿಸಕ್ಕನೆ ನಕ್ಕರು.

"ಕ್ಯೂ ಅಲ್ಲ. ಜಾಗ ಬೇರೆ ಅಷ್ಟೇ. ಹಂಡೆ ನಿಮ್ದೇ, ಉರಿ ನಿಮ್ದೇ."

"ನಿಝಾರ್ ಹಳ್ಳದಲ್ಲಿ ಹುಟ್ಟಿದ್ನಾ? ಅವನ ಬಾಗಿಲು ಇಲ್ಲಿದೆ."

"ಅವನ ಬಾಗಿಲು ಬಿದ್ದೋಗಿದೆ, ಸೆಲ್ವಾ. ನಂದೂ ಬಿದ್ದೋಗಿದೆ. ಇದು ಬಟ್ಟೆ. ಒಂದು ಕಿಡಿ ಸಾಕು ಇದಕ್ಕೆ. ಹಬೀಬೆ ಹೋಗಿದ್ದು ನೋಡಿದ್ದೀಯಲ್ಲ?"

ನಗು ನಿಂತಿತು. ಸೆಲ್ವಾ ಕಲ್ಲೊಂದನ್ನು ಆರಿಸಿ ಆಚೆ ಎಸೆದಳು. "ಏನಂತೆ ನಿನ್ ಕಾನೂನು? ಹೇಳು ಕೇಳೋಣ."

ನೈಫೆ ಹೇಳಿದಳು. ಉರಿಯ ಸುತ್ತ ಕಲ್ಲಿನ ಕಟ್ಟೆ. ಹಂಡೆಗೊಂದು ಬಕೆಟ್ಟು ಮರಳು, ಒಂದು ಬಕೆಟ್ಟು ನೀರು. ಸೌದೆ ಮಾತ್ರ, ಹಿಂಡಿ ಇಲ್ಲ. ಸೂರ್ಯ ಹುಟ್ಟಿದ ಮೇಲೆ ಹಚ್ಚಿ ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ಮತ್ತೆ, ಹಂಡೆಗೆ ಇಬ್ಬರಾದರೂ ಇರಲೇಬೇಕು. ಒಬ್ಬರು ಸೌಟಿಗೆ, ಒಬ್ಬರು ಉರಿಗೆ. ಬೆಂಕಿಯನ್ನು ಒಂಟಿಯಾಗಿ ಬಿಟ್ಟು ಯಾರೂ ಏಳುವಂತಿಲ್ಲ.

"ಹೌದಾ?" ಎಂದಳು ಸೆಲ್ವಾ ತಲೆಯೆತ್ತಿ. "ಎದಿಪನ ಹಂಡೆಗೆ ಎರಡನೆಯೋರು ಯಾರು?"

ನೈಫೆಯ ಕೈ ಬಕೆಟ್ಟಿನ ಹಿಡಿಗೆ ಹೋಯಿತು. ಮೂರು ದಿನ ಎಲ್ಲರ ಲೆಕ್ಕ ಹಾಕಿದ್ದಳು, ತನ್ನದನ್ನು ಹಾಕಿರಲಿಲ್ಲ. "ನೋಡೋಣ" ಎಂದು ಬಕೆಟ್ಟು ಎತ್ತಿಕೊಂಡಳು. ಯಾರಾದರೂ "ನಾನು ಬರ್ತೀನಿ ಬಿಡಿ ಖಾಲಾ" ಅನ್ನಬಹುದೆಂದು ಎರಡು ಹೆಜ್ಜೆ ನಿಧಾನ ನಡೆದಳು. ಯಾರೂ ಅನ್ನಲಿಲ್ಲ.

ಎದಿಪನಿಗೆ ಹ್ರಿಸಿ ಅಂದರೆ ಪ್ರಾಣ. ಯಾರ ಮನೆಯ ನಲವತ್ತಾದರೂ ಮೊದಲ ಬಟ್ಟಲು ತನ್ನದೇ ಎಂದು ನಾಚಿಕೆಯಿಲ್ಲದೆ ಹೋಗಿ ಕೂರುತ್ತಿದ್ದ. ಅವನದೇ ಹೆಸರಿನ ಹಂಡೆ ತಪ್ಪಬಾರದು. ಅಷ್ಟನ್ನಾದರೂ ಸರಿಯಾಗಿ ಮಾಡಿ ಕಳಿಸಬೇಕು. ಅವನನ್ನು ಹೂಳುವಾಗ ಅವಳು ಆಸ್ಪತ್ರೆಯಲ್ಲಿದ್ದಳು, ಮಣ್ಣು ಹಾಕಿದವರು ಯಾರೋ. ಇನ್ನು ಅವಳ ಕೈಯಿಂದ ಅವನಿಗೆ ಆಗಬೇಕಾದದ್ದು ಇದೊಂದೇ ಉಳಿದಿತ್ತು. ಮನೆಯ ಅವಶೇಷ ಕೆದಕಿ ಒಂದು ಪಕ್ಕ ಸೊಟ್ಟಗಾದ ತಾಮ್ರದ ಹಂಡೆಯನ್ನು ತಂದಳು, ಬೂದಿ ಹಾಕಿ ತಿಕ್ಕಿದಳು, ಗೋಧಿ ನೆನೆಹಾಕಿದಳು. ಶೇಖರು ಎಲ್ಲರಿಗೂ ಹಂಚಿದ ಮಾಂಸದಲ್ಲಿ ಅವಳ ಪಾಲೂ ಬಂತು.

ಶುಕ್ರವಾರ ಸೂರ್ಯ ಹುಟ್ಟುವ ಹೊತ್ತಿಗೆ ತೊರೆಯ ಪಾತ್ರದಲ್ಲಿ ಐವತ್ತನಾಲ್ಕು ಉರಿಗಳು ಹೊತ್ತಿಕೊಂಡವು. ಐವತ್ತನಾಲ್ಕನೆಯದು ನೈಫೆಯದು, ಸಾಲಿನ ತುದಿಯಲ್ಲಿ. ಶೇಖರು ಪ್ರಾರ್ಥನೆ ಹೇಳಿದರು. ಅಲ್ಲಿಯವರೆಗೆ ಅಳದವರೂ ಅತ್ತರು. ಸೌದೆಯ ಚಟಪಟ, ಸೌಟುಗಳ ಗರಗರ, ಕಡಲಿನ ಸದ್ದು. ಹೊಗೆಯೆಲ್ಲ ಒಂದೇ ಕಡೆ ಬಾಚಿದ ಕೂದಲಿನಂತೆ ನೀರಿನ ಕಡೆಗೆ ಒರಗಿತ್ತು. ನೈಫೆ ತನ್ನ ಹಂಡೆ ತಿರುಗಿಸುತ್ತಿದ್ದಳು, ಹತ್ತು ನಿಮಿಷಕ್ಕೊಮ್ಮೆ ಸೌಟನ್ನು ಹಂಡೆಗೆ ಒರಗಿಸಿ ಸಾಲುದ್ದಕ್ಕೂ ಓಡಿ ನೋಡಿ ಬರುತ್ತಿದ್ದಳು. ತಾನೇ ಮಾಡಿದ ಕಾನೂನನ್ನು ತಾನೇ ಮುರಿಯುತ್ತಿದ್ದಳು. ಪ್ರತಿ ಸಲ ಬಂದಾಗಲೂ ತಳ ಹಿಡಿಯಲು ಶುರುವಾಗಿರುತ್ತಿತ್ತು. ಪಕ್ಕದ ಹಂಡೆಯವರು ನೋಡಿಯೂ ನೋಡದಂತೆ ಇದ್ದರು. ಅವರಿಗೂ ಅವರ ಸತ್ತವರಿದ್ದರು, ತಪ್ಪು ಹೇಳುವುದು ಹೇಗೆ? ಆದರೂ ನೈಫೆಗೆ ಹೊಟ್ಟೆ ಉರಿಯಿತು.

ಹನ್ನೊಂದರ ಸುಮಾರಿಗೆ ಹೊಗೆ ಎದ್ದು ನಿಂತಿತು.

ಐವತ್ತನಾಲ್ಕು ಹೊಗೆಗಳೂ ಒರಗುವುದನ್ನು ಬಿಟ್ಟು ಕಂಬದ ಹಾಗೆ ನೆಟ್ಟಗಾದವು. "ಅಬ್ಬಾ, ಗಾಳಿ ನಿಂತಿತು, ಕಣ್ಣುರಿ ತಪ್ಪಿತು" ಎಂದು ಯಾರೋ ಅಂದರು. ನೈಫೆ ಕೈಯಲ್ಲಿದ್ದ ಸೌಟು ಬಿಟ್ಟಳು. ಗಾಳಿ ಹಾಗೆ ನಿಲ್ಲುವುದು ಮಲಗುವುದಕ್ಕಲ್ಲ, ಮಗ್ಗುಲು ಬದಲಿಸುವುದಕ್ಕೆ. ಕಡಲಿನ ಕಡೆ ನೋಡಿದಳು. ದೂರದ ನೀರಿನ ಮೇಲೆ ಕಪ್ಪು ಗೆರೆಯೊಂದು ಓಡಿ ಬರುತ್ತಿತ್ತು. ಮೀನುಗಾರರು ಆಗಲೇ ದೋಣಿಗಳನ್ನು ಮೇಲಕ್ಕೆ ಎಳೆದು ಕಟ್ಟುತ್ತಿದ್ದರು. ಅವರಿಗೆ ಬೆಳಗಿನಿಂದಲೇ ಗೊತ್ತಿತ್ತು. ನೈಋತ್ಯದ ಗಾಳಿ, ಲೊದೊಸ್. ಅದು ಬಂದರೆ ಪ್ರತಿ ಉರಿಯ ಪ್ರತಿ ಕಿಡಿಯೂ ನೇರವಾಗಿ ಡೇರೆಗಳ ಮೇಲೆ. ತಾನೇ ಆರಿಸಿದ ಜಾಗ. ಡೇರೆಗಳಿಗೂ ಕಡಲಿಗೂ ನಡುವೆ ಐವತ್ತನಾಲ್ಕು ಬೆಂಕಿಗಳನ್ನು ತಾನೇ ಸಾಲಾಗಿ ಕೂರಿಸಿದ್ದಳು.

ಅವಳು ಸೀಟಿ ಊದಿದಳು. "ಆರ್ಸಿ! ಎಲ್ಲಾ ಆರ್ಸಿ! ಗಾಳಿ ತಿರುಗ್ತಾ ಇದೆ!"

ಯಾರೂ ಅಲುಗಲಿಲ್ಲ. ಸತ್ತವರ ಹಂಡೆಯ ಉರಿಯನ್ನು ಅರ್ಧಕ್ಕೆ ಆರಿಸುವುದೆಂದರೆ ಆ ಜನರಿಗೆ ಹೆಣವನ್ನು ದಾರಿಯಲ್ಲಿ ಇಳಿಸಿ ಬಂದ ಹಾಗೆ.

"ಎಲ್ಲಿದೆಯೇ ಗಾಳಿ?" ಎಂದು ಕೂಗಿದಳು ಸೆಲ್ವಾ. "ಒಂದು ಎಲೆ ಅಲ್ಲಾಡ್ತಿಲ್ಲ. ಬೆಟ್ಟದ ಮೇಲೆ ಕೂತೂ ಕೂತೂ ತಲೆ ಕೆಟ್ಟಿದೆ ನಿಂಗೆ!"

ನೈಫೆ ವಾದಕ್ಕೆ ನಿಲ್ಲಲಿಲ್ಲ. ತನ್ನ ಹಂಡೆಯ ಹತ್ತಿರ ಓಡಿ ಬಕೆಟ್ಟು ಎತ್ತಿ ಎದಿಪನ ಉರಿಯ ಮೇಲೆ ಸುರಿದಳು. ಭುಸ್ಸೆಂದು ಉಗಿ ಎದ್ದಿತು, ಬೂದಿ ಹಾರಿ ಹಂಡೆಯೊಳಗೂ ಬಿತ್ತು. ಒಂದು ಕ್ಷಣ ನಿಂತಳು. ಮತ್ತೆ ಪಕ್ಕದ ಬಕೆಟ್ಟಿಗೆ ಕೈ ಹಾಕಿದಳು.

ಅವಳು ತನ್ನದನ್ನೇ ಆರಿಸಿದ್ದು ನೋಡಿ ಜನ ತಣ್ಣಗಾದರು. ತೈಫೂನನ ಹುಡುಗರು ಬೆಂಕಿ ನಂದಿಸುವ ಕೆಂಪು ಸಿಲಿಂಡರುಗಳನ್ನು ಹೊತ್ತು ಓಡಿ ಬಂದರು. ಕೆಲವರು ಶಪಿಸುತ್ತ, ಕೆಲವರು ಅಳುತ್ತ ಮರಳು ಎರಚಲು ಶುರುಮಾಡಿದರು. ಸೆಲ್ವಾ ಮಾತ್ರ ಎರಡೂ ಕೈ ಚಾಚಿ ಉರಿಗೆ ಅಡ್ಡ ನಿಂತಿದ್ದಳು.

"ನನ್ ಮಗನ ಉರಿಗೆ ನೀರು ಹಾಕಿದ್ರೆ ಕೈ ಮುರೀತೀನಿ!"

"ಮುರಿ. ಮುರಿದಾದ ಮೇಲೆ ಆರ್ಸು."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆಗ ಸೆಲ್ವಾಳ ತಲೆವಸ್ತ್ರದ ಅಂಚು ಮೆಲ್ಲಗೆ ಎದ್ದು ಅವಳ ಮುಖಕ್ಕೆ ಬಡಿಯಿತು, ಕಡಲಿನ ಕಡೆಯಿಂದ. ಅವಳು ಕುಸಿದು ಕೂತು, ಎರಡೂ ಕೈಯಿಂದ ಮರಳು ಬಾಚಿ ಬಾಚಿ ಮಗನ ಉರಿಯನ್ನು ಮುಚ್ಚಿದಳು. ನೀರು ಹಾಕಲು ಕೊನೆಗೂ ಬಿಡಲಿಲ್ಲ.

ಗಾಳಿ ಬಂದದ್ದು ಅದಾದ ಐದು ನಿಮಿಷಕ್ಕೆ. ಎರಡು ಗಂಟೆ ಬೀಸಿತು. ಡೇರೆಗಳು ಉಬ್ಬಿ ಹಗ್ಗ ಕಿತ್ತುಕೊಳ್ಳಲು ನೋಡಿದವು, ಒಗೆದ ಬಟ್ಟೆಗಳು ಮೈದಾನದಾಚೆಗೆ ಹಾರಿದವು, ಪ್ಲಾಸ್ಟಿಕ್ ಕುರ್ಚಿಗಳು ಉರುಳಾಡಿದವು. ಆ ಎರಡು ಗಂಟೆಯೂ ನೈಫೆ ಸಾಲು ಸಾಲು ಓಡಾಡಿ ಒಳಗಿನ ಒಲೆಗಳನ್ನು ಆರಿಸಿದಳು, ಸಡಿಲವಾದ ಕೊಳವೆಗಳನ್ನು ಕಳಚಿ ಹೊರಗೆ ಹಾಕಿದಳು. ಅಂಗೈ ಎರಡು ಕಡೆ ಸುಟ್ಟಿತು. ಆಮೇಲೆ ಗಾಳಿ ಬಂದಂತೆಯೇ ಹೋಯಿತು. ಒಂದು ಡೇರೆಗೂ ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದೇ ಅವಳ ಮೇಲೆ ದೂರಾಯಿತು.

"ಏನಾಯ್ತೀಗ? ಒಂದು ಕಿಡಿ ಕಂಡ್ರಾ ಯಾರಾದ್ರೂ?"

"ಸುಮ್ನೆ ಸುತ್ತ ನಿಂತಿದ್ರೆ ಆಗ್ತಿತ್ತಪ್ಪ. ಅಷ್ಟೊಂದು ಜನ ಇದ್ವಿ."

"ಸತ್ತೋರ ಅನ್ನಕ್ಕೆ ಮಣ್ಣು ಹಾಕ್ಸಿದಳು ಮಾರಾಯ್ತಿ."

ಕಿಡಿ ಕಾಣಲಿಲ್ಲ ನಿಜ. ಕಿಡಿ ಏಳಲು ಉರಿಯೇ ಇರಲಿಲ್ಲವಲ್ಲ! ಆದರೆ ಇದನ್ನು ಯಾರಿಗೆ ವಿವರಿಸುವುದು? ಹೊತ್ತಿದ ಬೆಂಕಿಯನ್ನು ಆರಿಸಿದವನನ್ನು ಜನ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ. ಹೊತ್ತದ ಬೆಂಕಿಯನ್ನು ಯಾರಿಗೆ ತೋರಿಸಬೇಕು? ತೈಫೂನ್ ಮಾತ್ರ ಬಂದು "ಅಬ್ಲಾ, ನೀವಿಲ್ಲದಿದ್ದರೆ..." ಎಂದು ಶುರುಮಾಡಿದ. "ಜಾಗ ತಪ್ಪಾಗಿ ತೋರ್ಸಿದ್ದು ನಾನೇ. ಅದನ್ನೂ ಬರ್ಕೊಳ್ಳಿ" ಎಂದು ನೈಫೆ ಅವನ ಬಾಯಿ ಮುಚ್ಚಿಸಿದಳು.

ಮೂರು ಗಂಟೆಗೆ ಉರಿಗಳನ್ನು ಮತ್ತೆ ಹಚ್ಚಬಹುದೆಂದು ಅವಳೇ ಹೇಳಿದಳು. ಈ ಸಲ ಮೀನುಗಾರರನ್ನು ಕೇಳಿದ್ದಳು. ಕತ್ತಲಾಗುವವರೆಗೆ ಗಾಳಿ ಏಳುವುದಿಲ್ಲವೆಂದು ಅವರು ಹೇಳಿದ್ದರು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ, ತನ್ನ ಮೇಲೆಯೇ. ಡೇರೆಗಳ ಅಂಚಿನಲ್ಲಿ, ಎಲ್ಲ ಉರಿಗಳೂ ಒಂದೇ ನೋಟಕ್ಕೆ ಸಿಗುವ ಕಡೆ ಹೋಗಿ ನಿಂತಳು. ಅಲ್ಲಿಂದ ಕದಲಲಿಲ್ಲ. ಮರಳು ಮುಚ್ಚಿದವರ ಕೆಂಡ ಒಳಗೇ ಬದುಕಿತ್ತು, ಕೆದಕಿ ಊದಿದ ಕೂಡಲೇ ಎದ್ದಿತು. ಸೌಟುಗಳು ಮತ್ತೆ ತಿರುಗತೊಡಗಿದವು. ನೈಫೆಯದು ನೀರು ಕುಡಿದ ಸೌದೆ. ಅದನ್ನು ಹೊತ್ತಿಸಲು ಪಕ್ಕದಲ್ಲಿ ಕೂತು ಅರ್ಧ ಗಂಟೆ ಊದುವವರು ಬೇಕು, ಆಮೇಲೆ ತಿರುಗಿಸುವವರು ಬೇಕು. ಕಾಯುವವಳೂ ಅವಳೇ, ತಿರುಗಿಸುವವಳೂ ಅವಳೇ. ನಲವತ್ತು ಹೆಜ್ಜೆ ದೂರದಲ್ಲಿ ಎದಿಪನ ಹಂಡೆ ತಣ್ಣಗೆ ಕೂತಿತ್ತು, ಅವಳು ಐವತ್ತಮೂರು ಜನರ ಉರಿ ಕಾಯುತ್ತ ನಿಂತಿದ್ದಳು.

ಕೂಗಬಹುದಿತ್ತು. "ಯಾರಾದ್ರೂ ಸ್ವಲ್ಪ ಬನ್ರೇ" ಎಂದು ಎರಡು ಸಲ ಬಾಯಿವರೆಗೂ ಬಂತು. ಸೀಟಿ ಊದಿ ಊದಿ ಅಭ್ಯಾಸವಾದ ಬಾಯಿಗೆ ಆ ಮಾತು ದಕ್ಕಲಿಲ್ಲ.

ಉರಿಗಳು ಒಂದೊಂದಾಗಿ ಇಳಿದ ಮೇಲೆ, ಹೊತ್ತು ಮುಳುಗಲು ಇನ್ನೊಂದು ಗಂಟೆಯಿದೆ ಎನ್ನುವಾಗ, ಯಾರದೋ ಉಳಿದ ಕೆಂಡ ಕೇಳಿ ತಂದು ತನ್ನ ಹಂಡೆಯ ಕೆಳಗೆ ಹಾಕಿದಳು. ಒಂದು ಗಂಟೆ ತಿರುಗಿಸಿದಳು. ಗೋಧಿ ಗೋಧಿಯಾಗಿಯೇ ಇತ್ತು, ಮಾಂಸ ಮಾಂಸವಾಗಿಯೇ ಇತ್ತು. ಶೇಖರು ಹೆಸರುಗಳನ್ನು ಓದಿದರು, ಎಪ್ಪತ್ತೊಂದು ಹೆಸರುಗಳು. ಎದಿಪನದೂ ಬಂತು. ಸೂರ್ಯ ಕಡಲಿಗೆ ಇಳಿದ. ಇನ್ನು ಬೇಯಿಸುವಂತಿಲ್ಲ. ಅವಳು ಹಂಡೆಯಿಂದ ಬೂದಿಯ ಕೆನೆಯನ್ನು ತೆಗೆದು ಚೆಲ್ಲಿದಳು, ಇದ್ದದ್ದನ್ನೇ ಏಳು ಬಟ್ಟಲಿಗೆ ಹಾಕಿದಳು.

ಆ ಸಂಜೆ ಶಿಬಿರದ ತುಂಬ ಬಟ್ಟಲುಗಳು ಓಡಾಡುತ್ತಿದ್ದವು. ಎಲ್ಲರೂ ಎಲ್ಲರಿಗೂ ಕೊಡುವವರೇ, ತೆಗೆದುಕೊಳ್ಳುವವರೇ. ನೈಫೆಯ ಬಾಗಿಲಿಗೂ ಮೂರು ಬಟ್ಟಲು ಬಂದಿದ್ದವು, ಪರದೆಯ ಹೊರಗೆ ಇಟ್ಟು ಹೋಗಿದ್ದರು. ಅವಳು ಕೊಡಲು ಹೊರಟಳು. ಮೊದಲ ಡೇರೆಯವಳು ತೆಗೆದುಕೊಂಡು "ಅಲ್ಲಾ ರಹಮತ್ ಮಾಡ್ಲಿ" ಎಂದು ಪರದೆ ಎಳೆದಳು. ಇನ್ನೊಬ್ಬಳು ಬಟ್ಟಲಿನೊಳಗೆ ಇಣುಕಿ, ಬಿಡಿಬಿಡಿ ಕಾಳು ನೋಡಿ, ಮುಖ ತಿರುಗಿಸಿಕೊಂಡು ಇಟ್ಟುಕೊಂಡಳು. ಒಂದು ಮನೆಯಲ್ಲಿ ಗಂಡಸು "ಅಲ್ಲಿಡಿ" ಎಂದ, ಅಷ್ಟೇ. ಉಳಿದವರೂ ಬೇಡ ಅನ್ನಲಿಲ್ಲ, ಸತ್ತವನ ಬಟ್ಟಲಿಗೆ ಬೇಡ ಅನ್ನುವುದುಂಟೇ? ಆದರೆ ಅವಳೆದುರು ಒಬ್ಬರೂ ಒಂದು ತುತ್ತು ಬಾಯಿಗಿಡಲಿಲ್ಲ. ಕೈಯಲ್ಲಿ ಏಳನೆಯದು ಉಳಿಯಿತು. ಬೇರೆ ಬಾಗಿಲು ಇರಲಿಲ್ಲವೆಂದಲ್ಲ. ಕಾಲು ತಾನಾಗಿ ಸೆಲ್ವಾಳ ಡೇರೆಗೆ ಹೋಯಿತು.

ಸೆಲ್ವಾ ಬಾಗಿಲಲ್ಲೇ ಕೂತಿದ್ದಳು. ಬೆಳಗಿನ ಮರಳು ಇನ್ನೂ ಉಗುರಿನಲ್ಲಿತ್ತು. ಬಟ್ಟಲು ತೆಗೆದುಕೊಂಡಳು, ಒಳಗೆ ಕೈ ಚಾಚಿ ಚಮಚ ತಂದಳು. ಒಂದು ಚಮಚ ಬಾಯಿಗೆ ಹಾಕಿ ಬಹಳ ಹೊತ್ತು ಅಗಿದಳು. ಹಲ್ಲಿನಡಿ ಕಾಳು ಮುರಿಯುವುದು ನೈಫೆಗೂ ಕೇಳಿಸಿತು.

"ಬೆಂದಿಲ್ಲ" ಎಂದಳು.

"ಗೊತ್ತು."

"ಕೂಗೋಕೇನಾಗಿತ್ತು ನಿಂಗೆ? ಒಂದು ಸೌಟು ತಿರುಗ್ಸೋಕೆ ಹಯಾತ್‌ನ ಕಳಿಸ್ತಿರ್ಲಿಲ್ವಾ?"

"ಕೂಗ್ದೇನೇ ಕಳಿಸ್ಬಹುದಿತ್ತು."

ಸೆಲ್ವಾ ಇನ್ನೊಂದು ಚಮಚ ಅಗಿದಳು. ನುಂಗಿದಳು. "ಹೌದು" ಎಂದಳು. "ಕಳಿಸ್ಬಹುದಿತ್ತು. ಹಯಾತೇ ಕೇಳಿದ್ಳು, ಹೋಗ್ಲಾ ಅತ್ತೆ ಅಂತ. ಬೇಡ ಕೂತ್ಕೋ ಅಂದೆ. ನಿಂಗೂ ಉರೀಲಿ ಅಂತ ಬೇಕಂತ್ಲೇ ಹಾಗಂದೆ."

ನೈಫೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಲವತ್ತು ದಿನದಲ್ಲಿ ಒಬ್ಬರು ಅವಳ ಮುಖ ನೋಡಿ ನಿಜ ಹೇಳಿದ್ದು ಇದೇ ಮೊದಲು. ಅವಳು ಬಾಗಿಲಲ್ಲಿ ನಿಂತೇ ಇದ್ದಳು, ಸೆಲ್ವಾ ತಿನ್ನುತ್ತಲೇ ಇದ್ದಳು. ಕಾಳು ಕಾಳನ್ನೂ ಅಗಿದು ಬಟ್ಟಲಿನ ತಳ ಕಾಣುವವರೆಗೆ ತಿಂದಳು. ಆಮೇಲೆ ಬಾಯಿ ಒರೆಸಿಕೊಂಡು, ಕಣ್ಣೂ ಒರೆಸಿಕೊಂಡು, ಬಟ್ಟಲು ಹಿಂದಕ್ಕೆ ಕೊಟ್ಟಳು.

"ನಾಳೆ ಬೆಳಿಗ್ಗೆ ನಾನೂ ಹಯಾತೂ ಬರ್ತೀವಿ. ಇನ್ನೊಂದು ಸಲ ಇಡೋಣ ಎದಿಪಂಗೆ. ನಾನೇ ತಿರುಗ್ಸ್ತೀನಿ."

"ನಾಳೆ ನಲವತ್ತೊಂದು ಕಣೇ ಸೆಲ್ವಾ" ಎಂದಳು ನೈಫೆ.

ಸೆಲ್ವಾ ಒಳಕ್ಕೆ ಸರಿದು ಒಲೆಯ ಪಕ್ಕ ಜಾಗ ಮಾಡಿದಳು. ನೈಫೆಗೆ ಆಗ ಕೂರಲು ಆಗಲಿಲ್ಲ. ಬಟ್ಟಲನ್ನು ಎದೆಗೆ ಹಿಡಿದುಕೊಂಡು ಅದನ್ನು ತೊಳೆಯಲು ಶಿಬಿರದ ನಲ್ಲಿಯ ಕಡೆಗೆ ನಡೆದಳು.